ನಾನು ಪಾಸು ಮಾಡಿಸಿದ ಮೂಗು

ಜೀಡಿಮೆಟ್ಲಾದಲ್ಲಿ ಬಸ್ಸಿಳಿದವಳೇ ದುಪಟ್ಟಾದಿಂದ ಮೂಗು ಮುಚ್ಚಿಕೊಂಡೆ. ಔಷಧಿ ಕಾರ್ಖಾನೆಗಳ ಗಾಳಿ ಕೊಳೆತ ಹಣ್ಣಿಗೆ ಸ್ಪಿರಿಟ್ ಸುರಿದ ಹಾಗೆ ನಾರುತ್ತಿತ್ತು. ಅದೇ ಗಾಳಿಯಲ್ಲಿ ನಾಲ್ಕು ಜನ ಆರಾಮಾಗಿ ನಿಂತು ಚಹಾ ಕುಡಿಯುತ್ತಿದ್ದರು. "ಕೌನ್ಸಾ ಸ್ಮೆಲ್, ಮೇಡಂ?" ಯಾವ ವಾಸನೆ ಎಂದು ಅವರಲ್ಲೊಬ್ಬರು ನನ್ನನ್ನೇ ಕೇಳಿದರು. ಗದಗಿನಿಂದ ಹೈದರಾಬಾದಿಗೆ ಬಂದ ಮೊದಲ ವಾರ ಅದು. ನಾನು ಅಷ್ಟು ದೂರ ಹೋಗಿದ್ದೂ ವಾಸನೆಯ ಕೆಲಸಕ್ಕೇ. ನಮ್ಮ ಪ್ರಯೋಗಾಲಯಕ್ಕೆಂದು ಕಾಗದಕ್ಕೆ ಪರಿಮಳ ಲೇಪಿಸಿಕೊಡುವ ಸಣ್ಣ ಕಾರ್ಖಾನೆಯೊಂದು ಅಲ್ಲಿತ್ತು.

ಊರಲ್ಲಿ ಕೇಳಿದವರಿಗೆಲ್ಲ "ಮೆದುಳಿನ ರೋಗದ ಸಂಶೋಧನೆ" ಎಂದು ಹೇಳಿ ಗತ್ತು ಮಾಡಿದ್ದೇನೆ. ನಿಜವಾಗಿ ನಾನು ಜನರಿಗೆ ಮೂಸಲು ಕೊಡುವವಳು. ಕಂಪವಾತ, ಅಂದರೆ ಪಾರ್ಕಿನ್ಸನ್ ಬರುವ ಎಷ್ಟೋ ಜನರಿಗೆ ಕೈ ನಡುಗುವುದಕ್ಕೆ ವರ್ಷಗಟ್ಟಲೆ ಮೊದಲೇ ಮೂಗು ಮಂಕಾಗುತ್ತದೆ. ಅದನ್ನು ಹಿಡಿಯಲು ಹೊರದೇಶಗಳಲ್ಲಿ ವಾಸನೆ ಲೇಪಿಸಿದ ಪುಸ್ತಕಗಳಿವೆ. ಪುಟ ಕೆರೆದು, ಮೂಸಿ, ಕೆಳಗಿನ ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಆದರೆ ಅವುಗಳಲ್ಲಿರುವ ಹಲವು ವಾಸನೆಗಳನ್ನು ನಮ್ಮ ಅಜ್ಜಿಯರು ಜನ್ಮದಲ್ಲಿ ಕಂಡಿಲ್ಲ. ಹಾಗಾಗಿ ಕೊಂಡಾಪುರದ ನಮ್ಮ ಪ್ರಯೋಗಾಲಯ ಇಂಗು, ಕರ್ಪೂರ, ಮಲ್ಲಿಗೆ, ಸೀಮೆಎಣ್ಣೆಗಳ ಪುಸ್ತಕವನ್ನು ತಯಾರಿಸುತ್ತಿತ್ತು.

ಕೆಲಸ ಸಿಕ್ಕಷ್ಟು ಸುಲಭವಾಗಿ ಮನೆ ಸಿಗಲಿಲ್ಲ. ಒಂಟಿ ಹೆಂಗಸು ಎಂದ ಕೂಡಲೇ ಗೇಟು ಮುಚ್ಚುತ್ತಿದ್ದರು. ಮಣಿಕೊಂಡದ ಒಂದು ಬೀದಿಯಲ್ಲಿ ನಿಂತು ಅವ್ವನಿಗೆ ಫೋನಿನಲ್ಲಿ ಅಳುತ್ತಾ ಹೇಳಿಕೊಳ್ಳುತ್ತಿದ್ದಾಗ ಮೇಲಿನ ಬಾಲ್ಕನಿಯಿಂದ ಒಬ್ಬರು ಬಗ್ಗಿ ನೋಡಿದರು.

"ಗದಗ ಕಡಿಯಾಕೀ ಏನವಾ? ಮ್ಯಾಲ ಬಾ. ರೊಟ್ಟಿ ಬಿಸಿ ಐತಿ."

ಅವರೇ ಕಾಕು. ಅವರ ಮನೆಯ ಮೇಲಿನ ಮಹಡಿಯ ಕೋಣೆಯೇ ನನಗೆ ಬಾಡಿಗೆಗೆ ಸಿಕ್ಕಿತು. ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹಾಗೆ ನಾನು ಮೊದಲ ದಿನವೇ ಹಾಗೆ ಕರೆದೆ. ರಾಯಚೂರು ಕಡೆಯವರು. ಗಂಡ, ನನಗೆ ಕಾಕಾ, ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿದ್ದು ನಿವೃತ್ತರಾದವರು. ಕಾಕು ತರಕಾರಿಯವಳ ಜೊತೆ ತೆಲುಗು, ವಾಚ್‌ಮನ್ ಜೊತೆ ಹಿಂದಿ ಆಡುತ್ತಿದ್ದರು. ಕನ್ನಡ ಅಡುಗೆಮನೆಯೊಳಗೆ ಮಾತ್ರ. "ಇಲ್ಲಿಯವರು ಪರ್ಸೋಂ ಅಂದ್ರ ಮೊನ್ನೆ ಅಂತ ತಿಳಕೋಬ್ಯಾಡ, ಹತ್ತು ವರ್ಷದ ಹಿಂದಿಂದೂ ಪರ್ಸೋಂನ" ಎಂದು ನನಗೆ ಈ ಊರನ್ನು ಕಲಿಸಿದವರು ಅವರೇ. ಗದಗಿನಲ್ಲಿ ಯಾರಾದರೂ ಊಟಕ್ಕೆ ಕರೆದರೆ ಎರಡು ಸಲ ಬೇಡ ಅನ್ನುತ್ತಿದ್ದೆ. ಇಲ್ಲಿ ಆ ಬಿಂಕ ಉಳಿಯಲಿಲ್ಲ. ಕರೆಯುವ ಮೊದಲೇ ತಟ್ಟೆ ಹಿಡಿದು ಕೂರುತ್ತಿದ್ದೆ.

ಪುಸ್ತಕ ತಯಾರಾದ ಮೇಲೆ ರೋಗವಿಲ್ಲದ ಹಿರಿಯರು ಬೇಕಾದರು. ರೋಗಿಗಳ ಮೂಗನ್ನು ಅವರ ಮೂಗಿನ ಜೊತೆ ಹೋಲಿಸಿ ನೋಡಬೇಕು. ಜೊತೆಗೆ ಕೆಲಸ ಮಾಡುವ ಸ್ವಪ್ನಾ ವರಂಗಲ್ಲಿನ ಹುಡುಗಿ. ಅವಳ ಮುಂದೆ ನಾನು ಕಾಕುವಿನ ಬಗ್ಗೆ ಕೊಚ್ಚಿಕೊಂಡೆ. ನಮ್ಮ ಕಡೆಯವರ ಮೂಗು ಅಂದರೆ ಏನು ಅಂದುಕೊಂಡಿದ್ದೀ, ಒಂದು ಪುಟವೂ ತಪ್ಪುವುದಿಲ್ಲ ನೋಡು ಅಂದೆ. ಕಾಕು ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಮದುವೆಗೆ ಹೋಗುವವರ ಹಾಗೆ ಪ್ರಯೋಗಾಲಯಕ್ಕೆ ಬಂದರು.

ಮೊದಲ ಪುಟ ಇಂಗು. ಕಾಕು ಮೂಸಿದರು. ಮತ್ತೆ ಮೂಸಿದರು. ಆಮೇಲೆ ನನ್ನ ಮುಖ ನೋಡಿದರು. ಸ್ವಪ್ನಾ ಆಚೆ ಮೇಜಿನಲ್ಲಿ ಬೇರೆಯವರ ಹೆಸರು ಬರೆದುಕೊಳ್ಳುತ್ತಿದ್ದಳು.

"ತೊವ್ವಿಗೆ ಒಗ್ಗರಣಿ ಹಾಕೋ ಮುಂದ ಸಣ್ಣ ಡಬ್ಬಿ ತಗೀತೀರಲ್ಲರಿ, ಕಾಕು" ಎಂದು ಮೆಲ್ಲಗೆ ಅಂದೆ.

"ಇಂಗು" ಎಂದರು.

ಎರಡನೆಯ ಪುಟದಿಂದ ಮಾತೂ ಬೇಕಾಗಲಿಲ್ಲ. ಉತ್ತರಗಳನ್ನು ಓದಿ ಹೇಳುವಾಗ ನನ್ನ ಬೆರಳು ಸರಿಯಾದುದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿತ್ತು. ಕಾಕು ಅದನ್ನೇ ಹೇಳುತ್ತಿದ್ದರು. ಇದು ಯಾವುದರ ಲಕ್ಷಣ ಅಂತ ನನಗೆ ಆಗಲೇ ಗೊತ್ತಾಗಿತ್ತು. ಇದಕ್ಕೆಂದೇ ಓದಿದವಳು ನಾನು. ಆದರೂ ಅನ್ನ ಹಾಕಿದವರನ್ನು ಅಲ್ಲಿ ಫೇಲು ಮಾಡಲು ನನಗೆ ಆಗಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಸ್ವಪ್ನಾಳ ಮುಂದೆ ನನ್ನ ಮಾತು ಬೀಳುವುದು ಬೇಕಿರಲಿಲ್ಲ. "ಆವಿಡ ಬಾಗಾ ಚೇಶಾರು," ಅವರು ಚೆನ್ನಾಗಿ ಮಾಡಿದರು ಎಂದು ಸ್ವಪ್ನಾ ಹೊಗಳಿದಳು. ಆರೋಗ್ಯವಂತರ ಪಟ್ಟಿಯಲ್ಲಿ ಕಾಕುವಿನ ಹೆಸರನ್ನು ನಾನೇ ಬರೆದೆ.

ಮರುವರ್ಷ ಕೆಳಗಿನಿಂದ ಬರುವ ರೊಟ್ಟಿ ಬಡಿಯುವ ಸದ್ದು ನಿಧಾನವಾಯಿತು. ಕಾಕುವಿನ ಬಲಗೈ ಬಿಗಿಯುತ್ತಿತ್ತು. ಭುಜ ಹಿಡಿದಿದೆ ಎಂದು ಎಣ್ಣೆ ತಿಕ್ಕಿದರು. ದೊಡ್ಡ ಡಾಕ್ಟರಿಗೆ ತೋರಿಸೋಣ ಎಂದು ಕಾಕಾ ಅಂದಾಗಲೆಲ್ಲ ಕಾಕುವಿನದು ಒಂದೇ ಉತ್ತರ: "ನಮ್ಮ ಹುಡುಗಿ ಟೆಸ್ಟ್ ಮಾಡ್ಯಾಳ. ಪಾಸಾಗೀನಿ." ನಾನು ಮಹಡಿಯ ಮೇಲಿದ್ದೆ, ಕೇಳಿಸಿಕೊಳ್ಳುತ್ತಿದ್ದೆ, ಸುಮ್ಮನಿದ್ದೆ. ಕೊನೆಗೆ ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದ ಮೇಲೆ ಆಸ್ಪತ್ರೆಯಲ್ಲಿ ಕಂಪವಾತ ಎಂದರು. ಈ ರೋಗವನ್ನು ತಡೆದು ನಿಲ್ಲಿಸುವ ಔಷಧಿ ಇನ್ನೂ ಇಲ್ಲ, ನಿಜ. ಆದರೆ ಔಷಧಿ, ವ್ಯಾಯಾಮ ಮೊದಲೇ ಶುರುವಾಗಿದ್ದರೆ ಆ ಬೀಳುವುದಾದರೂ ತಪ್ಪುತ್ತಿತ್ತೇನೋ.

ಬಾಯಿ ಬಿಡಲು ನನಗೆ ಮೂರು ವಾರ ಬೇಕಾಯಿತು. ಪಟ್ಟಿ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಾಕು ಕೂತಿದ್ದರು. ಕಾಕಾ ಪಕ್ಕದಲ್ಲೇ ಇದ್ದರು.

"ಅವತ್ತ ಉತ್ತರಾ ನಾನ ತೋರಿಸಿದ್ನಿರಿ, ಕಾಕು. ನಿಮಗ ವಾಸನಿ ಹತ್ತೋದಿಲ್ಲ ಅಂತ ನನಗ ಗೊತ್ತಾಗಿತ್ತು."

"ನನಗೂ ಗೊತ್ತಿತ್ತವಾ," ಎಂದರು ಕಾಕು. "ಹಾಲು ಹೊತ್ತಿದ್ರ ಇವರು ಬಂದು ಹೇಳಬೇಕಿತ್ತು. ಆ ಹುಡುಗಿ ಮುಂದ ನಿನ್ನ ಮಾನ ಹೋಗಬಾರದಂತ ನೀ ಯಾವುದರ ಮ್ಯಾಲ ಬಟ್ಟ ಇಟ್ಟಿ, ಅದನ್ನ ಹೇಳಿದ್ನಿ. ಆಮ್ಯಾಲ ನೀ ಕಾಗದದಾಗ ಬರದಿ ನೋಡು, ಓದಿದಾಕಿ ಬರದದ್ದು ಸುಳ್ಳಿರಂಗಿಲ್ಲ ಅಂತ ನಾನೂ ನಂಬಿಬಿಟ್ಟೆ."

ಕಾಕಾ ಎದ್ದು ಒಳಗೆ ಹೋದರು. ಅಂದಿನಿಂದ ನನ್ನೊಡನೆ ತೆಲುಗಿನಲ್ಲೇ ಮಾತಾಡುತ್ತಾರೆ, ಹೊರಗಿನವರ ಜೊತೆ ಆಡುವ ಹಾಗೆ. ಪ್ರಯೋಗಾಲಯದಲ್ಲೂ ಎಲ್ಲ ಹೇಳಿದೆ. ಕಾಕುವಿನ ಉತ್ತರಗಳನ್ನು ತೆಗೆದುಹಾಕಿ, ನನ್ನನ್ನು ಪರೀಕ್ಷೆ ಮಾಡುವ ಕೆಲಸದಿಂದ ಬಿಡಿಸಿದರು. ಅದು ಸರಿಯೇ ಆಗಿತ್ತು. ನನ್ನ ಕೈಯಿಂದ ಹಾದ ಉಳಿದ ಹಿರಿಯರನ್ನೂ ಮತ್ತೆ ಕರೆಸಬೇಕಾಯಿತು.

ಇನ್ನೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುತ್ತೇನೆ, ಈ ಸಲ ರೋಗಿಗಳ ಪಟ್ಟಿಯಲ್ಲಿ ಹೆಸರು ಇರಲಿ ಎಂದು ಕಾಕು ತಾವೇ ಹೇಳಿದರು. ನಾನು ಕರೆದುಕೊಂಡು ಹೋದೆ. ಬಾಗಿಲ ಬಳಿ ನನ್ನ ತೋಳು ಹಿಡಿದು ನಿಲ್ಲಿಸಿದರು.

"ನೀ ಒಳಗ ಬರಬ್ಯಾಡ. ನೀ ನಮ್ಮಾಕಿ."

ಹೊರಗಿನ ಬೆಂಚಿನ ಮೇಲೆ ಕೂತೆ. ಒಳಗೆ ಸ್ವಪ್ನಾ ಪುಟ ಕೆರೆಯುವುದು, ಇದೇನು ವಾಸನೆ ಅಮ್ಮಾ ಎಂದು ತೆಲುಗಿನಲ್ಲಿ ಕೇಳುವುದು ಕೇಳಿಸುತ್ತಿತ್ತು.

"ತೆಲಿಯದು," ಗೊತ್ತಿಲ್ಲ, ಎಂದರು ಕಾಕು.

ಇನ್ನೊಂದು ಪುಟ. "ತೆಲಿಯದಮ್ಮಾ."

ನನ್ನೆದುರು ಕನ್ನಡದಲ್ಲಿ ಒಂದು ಸಲವೂ ಆಡಲಾಗದ ಮಾತನ್ನು ಕಾಕು ಅಲ್ಲಿ ಯಾವ ಅಳುಕೂ ಇಲ್ಲದೆ ಪುಟ ಪುಟಕ್ಕೂ ಹೇಳುತ್ತಾ ಹೋದರು. ಮನೆಯವಳಾದ ನಾನು ಹೊರಗೆ ಕೂತು ಕೇಳಿದೆ.