ಹಳ್ಳದಾಚೆಯ ಹನ್ನೊಂದು ಮೀಟರು

ಡೆಲ್ಫಿನಿಯಾ ಅಪೊಡಾಕಾ ಮೊದಲು ಕೋಲಿನಿಂದ ನೆಲದಲ್ಲಿನ ಕಬ್ಬಿಣದ ಮುಚ್ಚಳಕ್ಕೆ ಮೂರು ಸಲ ಬಡಿಯುತ್ತಾರೆ. ಕಿವಿಗೊಟ್ಟು ನಿಲ್ಲುತ್ತಾರೆ. ಒಳಗಿನಿಂದ ಗಿಲಕಿ ಹಾವಿನ ಸದ್ದು ಬರದಿದ್ದರೆ ಮಾತ್ರ ಕೊಕ್ಕೆ ಹಾಕಿ ಮುಚ್ಚಳ ಎತ್ತಿ, ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನೀರಿನ ಮೀಟರು ನೋಡುತ್ತಾರೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗುಡ್ಡದ ಮೇಲೆ ಗಡಿ ಕಾವಲಿನ ಬಿಳಿ ವಾಹನವೊಂದು ದೀಪ ಆರಿಸಿ ನಿಂತಿದೆ. ಅವರು ಅತ್ತ ತಿರುಗುವುದಿಲ್ಲ.

"ಹಾವಾದ್ರೆ ಇಲ್ಲಿದ್ದೀನಿ ಅಂತ ಸದ್ದು ಮಾಡಿ ಹೇಳುತ್ತೆ," ಎನ್ನುತ್ತಾರೆ ಮೆಲ್ಲಗೆ. "ಆ ಗಾಡಿ ಹೇಳಲ್ಲ."

ನ್ಯೂ ಮೆಕ್ಸಿಕೋದ ದಕ್ಷಿಣದಂಚಿನ ಮೆಸ್ಕಿತಾಲಿನಲ್ಲಿ ಇನ್ನೂರ ಹನ್ನೆರಡು ಮೀಟರುಗಳಿವೆ. ಗಂಡ ಎಪಿಫಾನಿಯೋ ಮೆಣಸಿನಕಾಯಿ ಹೊಲದಲ್ಲಿ ಬಿಸಿಲು ಬಡಿದು ತೀರಿಕೊಂಡ ವರ್ಷ ಡೆಲ್ಫಿನಿಯಾ ಈ ಕೊಕ್ಕೆ ಹಿಡಿದರು. ಮೂವತ್ತೊಂದು ವರ್ಷವಾಯಿತು. ದಿನಕ್ಕೆ ಒಂಬತ್ತು ಮೈಲಿ ನಡಿಗೆ. ಎರಡು ಸಲ ಕಪ್ಪು ಜೇಡ ಕಚ್ಚಿ ಆಸ್ಪತ್ರೆ ಸೇರಿದ್ದಾರೆ. ನಾಯಿ ಕಡಿತಗಳನ್ನು ಅವರು ಎಣಿಸಿಲ್ಲ.

ಮೆಸ್ಕಿತಾಲ್ ಕಾಗದದ ಮೇಲೆ ಇನ್ನೂ ಊರೇ ಅಲ್ಲ. ಈಗ ಪಟ್ಟಣವಾಗಲು ಅರ್ಜಿ ಹಾಕಿದೆ. ಅರ್ಜಿಯ ಜೊತೆ ಊರಿನ ಎಲ್ಲೆ ತೋರಿಸುವ ನಕ್ಷೆ ಬೇಕು, ಗೆರೆಯೊಳಗೆ ಎಕರೆಗೊಬ್ಬರಾದರೂ ವಾಸವಿರಬೇಕು. ತಲೆ ಎಣಿಸುವ ಕೆಲಸ ಬಂದದ್ದು ಡೆಲ್ಫಿನಿಯಾ ಪಾಲಿಗೆ. ಊರಿನ ನಾಯಿಗಳಿಗೆಲ್ಲ ಪರಿಚಯವಿರುವುದು ಅವರದೊಂದೇ ಮುಖ. ಊರನ್ನು ಸೀಳುವ ಒಣಹಳ್ಳದ ಈಚೆ ಲೆಕ್ಕ ಎಳೆದಾಡಿ ಸರಿಹೋಯಿತು, ಒಂದು ತಲೆಯೂ ಹೆಚ್ಚಿಗೆ ಉಳಿಯಲಿಲ್ಲ. ಆಚೆ ಅರವತ್ತು ಎಕರೆ, ಹನ್ನೊಂದು ಮನೆ. ಅಲ್ಲಿಯವರು ಹೇಳಿದ್ದು ನಲವತ್ತೊಂದೇ ತಲೆ.

"ಹಳ್ಳಕ್ಕೇ ಗೆರೆ ಎಳೆದುಬಿಡೋಣ ಕೊಮಾದ್ರೆ," ಎಂದರು ಅರ್ಜಿ ಸಮಿತಿಯ ಅಧ್ಯಕ್ಷ, ಶಾಲಾ ಬಸ್ಸಿನ ಚಾಲಕ ರೆಫುಹಿಯೋ. ಅವರ ಮಗಳಿಗೆ ಡೆಲ್ಫಿನಿಯಾ ಧರ್ಮತಾಯಿ, ಆ ಸಲುಗೆಯ ಕರೆ. "ಅವರನ್ನ ಕಟ್ಕೊಂಡು ನಾವೆಲ್ಲ ಮುಳುಗೋದಾ?"

"ಆಚೆ ಮನೆಗಳಿಂದ ನಿಮ್ಮ ಬಸ್ಸಿಗೆ ಎಷ್ಟು ಮಕ್ಕಳು ಹತ್ತುತ್ತವೆ, ಕೊಂಪಾದ್ರೆ? ಅದನ್ನ ಹೇಳಿ ಮೊದಲು."

ರೆಫುಹಿಯೋ ಟೋಪಿ ಸರಿಮಾಡಿಕೊಂಡು ಪೆನ್ಸಿಲು ಕೆಳಗಿಟ್ಟರು.

ಪಟ್ಟಣವಾದ ದಿನ ಬಾವಿ, ಕೊಳವೆ ಎಲ್ಲ ಪಟ್ಟಣದ್ದು. ಗೆರೆಯಾಚೆಯವರಿಗೆ ನೀರು ಕೊಡಲೇಬೇಕೆಂದಿಲ್ಲ.

ನಲವತ್ತೊಂದು ಸುಳ್ಳೆಂದು ಡೆಲ್ಫಿನಿಯಾರಿಗೆ ಮೀಟರುಗಳೇ ಹೇಳಿದ್ದವು. ಕೊನೆಯ ಮನೆಯ ಒಟಿಲಿಯಾ ಬರ್ರಗಾನ್, ಊರು ಗೌರವದಿಂದ ದೋನ್ಯಾ ಎನ್ನುವ ಹಿರಿಯೆ, ತಮ್ಮ ಮನೆಯಲ್ಲಿ ನಾಲ್ವರೆಂದಿದ್ದರು. "ನಾಲ್ಕು ಜನ ಅಷ್ಟು ನೀರು ಕುಡಿದ್ರೆ ಹೊಟ್ಟೆ ಒಡೀಬೇಕು," ಎಂದು ಡೆಲ್ಫಿನಿಯಾ ನಗುತ್ತಾರೆ. ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅಲ್ಲಿ ಹಲವರಿಗೆ ಈ ದೇಶದಲ್ಲಿರಲು ಪರವಾನಗಿ ಇಲ್ಲ; ಕಾಗದ ಹಿಡಿದು ಯಾರು ಕೇಳಿದರೂ ಜನರನ್ನು ಕಡಿಮೆ ಮಾಡಿ ಹೇಳುವುದು ಹಳ್ಳದಾಚೆಯ ರೂಢಿ. ಇಷ್ಟು ದಿನ ಆ ಮನೆಗಳನ್ನು ಕಾಯ್ದ ರೂಢಿಯೇ ಈಗ ಅವರ ನೀರು ಕಸಿಯಲು ಬಂದಿತ್ತು.

ಮೀಟರು ನೋಡಿ ಹೆಚ್ಚು ಜನರೆಂದು ಬರೆಯಬಹುದಿತ್ತಲ್ಲ ಎಂದರೆ ಡೆಲ್ಫಿನಿಯಾ ಹೇಳುತ್ತಾರೆ: "ಅದು ಅವರ ಬಾಯಿಂದ ಬರಬೇಕು. ನಾನಾಗಿ ಬರೆದ್ರೆ ನಾನೇ ಹಿಡಿದುಕೊಟ್ಟ ಹಾಗೆ."

ನಕ್ಷೆ ಕೊಡಲು ಎರಡು ದಿನ ಉಳಿದಿದ್ದಾಗ ಮತ್ತೆ ಒಟಿಲಿಯಾರ ಬಾಗಿಲಿಗೆ ಹೋದರು. ಮುದುಕಿ ಜಾಲರಿ ಬಾಗಿಲು ತೆಗೆಯಲಿಲ್ಲ.

"ಮೀಟರು ನೋಡೋಕೆ ಬಂದ್ಯೋ, ನಮ್ಮನ್ನ ಎಣಿಸೋಕೆ ಬಂದ್ಯೋ?"

"ಹೆಸರು ಬೇಡ, ದೋನ್ಯಾ ಒಟಿಲಿಯಾ. ತಲೆ ಎಷ್ಟು ಅಂದ್ರೆ ಸಾಕು."

"ತಲೆ ಸಿಕ್ಕಿದ ಮೇಲೆ ಹೆಸರು ಹುಡುಕೋಕೆ ಎಷ್ಟು ಹೊತ್ತು ಬೇಕು, ಮಗಳೇ? ಏನೂ ಆಗಲ್ಲ ಅಂತ ಆಣೆ ಇಡ್ತೀಯಾ?"

"ಇಲ್ಲ. ನನಗೂ ಭಯಾನೇ."

ಒಳಬಾಗಿಲು ಮುಚ್ಚಿತು. ಡೆಲ್ಫಿನಿಯಾ ಬೇಲಿಯಂಚಿನ ಮೀಟರು ನೋಡಿ ವಾಪಸು ಬರುವಾಗ ಅಂಗಳದ ಮೋಟುಗೋಡೆಯ ಮೇಲೆ ಕಾಫಿ ಕಪ್ಪುಗಳು ಸಾಲಾಗಿ ಬೋರಲು ಕೂತಿದ್ದವು. ಎಣಿಸಿದರು. ಒಂಬತ್ತು. ಕೊನೆಯದು ಮಗುವಿನ ಪ್ಲಾಸ್ಟಿಕ್ ಲೋಟ. ಮರುದಿನ ಬೆಳಗ್ಗೆ ಹಳ್ಳದಾಚೆಯ ಉಳಿದ ಹತ್ತು ಮನೆಗಳ ಗೋಡೆಗಳ ಮೇಲೂ ಕಪ್ಪುಗಳಿದ್ದವು, ತಲೆಗೊಂದರಂತೆ. ಎಲ್ಲ ಕೂಡಿ ಐವತ್ತೆಂಟು.

ಅರವತ್ತಕ್ಕೆ ಎರಡು ಕಡಿಮೆ. ಡೆಲ್ಫಿನಿಯಾ ಸಮಿತಿಯ ಮೇಜಿನ ಮೇಲಿದ್ದ ನಕ್ಷೆಯ ಮೂಲೆಯಲ್ಲಿ ಗೆರೆ ಅಳಿಸಿ ಒಳಗೆ ಎಳೆದರು. ಹೊರಗೆ ಬಿದ್ದ ಎರಡು ಎಕರೆ ಡೆಲ್ಫಿನಿಯಾರದೇ, ಯಾರೂ ವಾಸವಿಲ್ಲದ ಜಾಗ. ಎಪಿಫಾನಿಯೋ ಕಲ್ಲು ಹೊತ್ತು ಕಟ್ಟಿದ ಆಡಿನ ದೊಡ್ಡಿ ಅದು.

"ಆಡುಗಳಿಗೆ ಯಾಕೆ ಪಟ್ಟಣ? ಅವಕ್ಕೆ ನಾನು ಬಿಂದಿಗೇಲಿ ಹೊರ್ತೀನಿ," ಎಂದರಂತೆ.

ನಕ್ಷೆ ಕಚೇರಿ ಸೇರಿ ವಾರವಾಗಿದೆ, ತೀರ್ಮಾನ ಮುಂದಿನ ತಿಂಗಳು. ಆ ಸಂಖ್ಯೆ ಯಾರ್ಯಾರ ಮೇಜಿಗೆ ಹೋಗುತ್ತದೋ ಡೆಲ್ಫಿನಿಯಾರಿಗೆ ತಿಳಿಯದು. ಅದಕ್ಕೇ ಈಗ ದಿನವೂ ಮೊದಲು, ಎಲ್ಲರೂ ಇನ್ನೂ ಇದ್ದಾರೆಯೇ ಎಂದು ನೋಡಲು, ಒಟಿಲಿಯಾರ ಮನೆಗೇ ಬರುತ್ತಾರೆ. ಗುಡ್ಡದ ಮೇಲಿನ ವಾಹನದ ದೀಪ ಹೊತ್ತಿಕೊಳ್ಳುತ್ತದೆ. ಡೆಲ್ಫಿನಿಯಾ ಬಗ್ಗಿ, ಮೀಟರಿನ ಗಾಜಿನ ಮಣ್ಣನ್ನು ಹೆಬ್ಬೆರಳಿನಿಂದ ಒರೆಸುತ್ತಾರೆ. ಏನು ಆಸೆ ಎಂದು ಕೇಳಿದರೆ ತಲೆ ಎತ್ತದೆಯೇ ಹೇಳುತ್ತಾರೆ:

"ಮುಚ್ಚಳ ತೆಗೆದಾಗೆಲ್ಲ ಈ ಮುಳ್ಳು ತಿರುಗ್ತಿರಬೇಕು. ಒಂಬತ್ತು ಜನಕ್ಕೆ ತಿರುಗೋ ಅಷ್ಟೇ ತಿರುಗಬೇಕು. ಕಡಿಮೆ ಆಗಬಾರದು."