ಟಗರಿನ ಒಪ್ಪಿಗೆ

ಬೆಟಗೇರಿಯಲ್ಲಿ ನನ್ನದೊಂದು ಮೋಟಾರ್ ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪ್‌ಸೆಟ್ಟುಗಳ ಹಳೆಯ ತಂತಿ ಕಿತ್ತು ಹೊಸದು ಸುತ್ತಿ ಕೊಡುವುದು ನನ್ನ ಕಸುಬು. ಆದರೆ ಬಂಧುಬಳಗದಲ್ಲಿ ನನಗೆ ಹೆಸರು ಬಂದದ್ದು ಕಸುಬಿನಿಂದಲ್ಲ, ಊಟದಿಂದ. ನಮ್ಮದು ತಿನ್ನುವ ಮನೆ. ಮುಂಡರಗಿ ಕಡೆ ನಮ್ಮವರು ಯಾರು ಕುರಿ ಕೊಯ್ದರೂ ನನಗೊಂದು ಫೋನು ಬರುತ್ತಿತ್ತು. ನಾನು ಎಲುಬು ಬಡಿದು ಮಜ್ಜೆ ಹೀರುವ ಸದ್ದಿಗೆ ಆಚೆ ಪಂಕ್ತಿಯವರು ತಿರುಗಿ ನೋಡುತ್ತಿದ್ದರು. “ಇಂವ ಉಂಡೆದ್ದ ಜಾಗಾದಾಗ ನಾಯಿಗೂ ಏನೂ ಸಿಗಂಗಿಲ್ಲ” ಎಂದು ಅವ್ವ ಹೇಳುತ್ತಿದ್ದಳು, ಅದೂ ಹೆಮ್ಮೆಯಿಂದಲೇ.

ಅಂಥವನು ಮಾಂಸ ಬಿಟ್ಟದ್ದು ಒಂದು ಬೈಕ್ ಪ್ರಯಾಣದಿಂದ. ಮಗಳ ಮೊದಲ ಕೂದಲು ತೆಗೆಸುವ ಜವಳ ಇತ್ತು, ಬಂಧುಗಳಿಗೆ ಊಟ ಹಾಕಬೇಕಿತ್ತು. ನನ್ನ ಪಕ್ಕದ ಅಂಗಡಿಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡುವ ಸಾಬರ ಗೆಳೆಯನೊಬ್ಬನಿದ್ದಾನೆ. ಕುರಿ ಆರಿಸುವುದರಲ್ಲಿ ಅವನ ಕಣ್ಣು ಬಲು ಚುರುಕು. ಅವನನ್ನು ಕರೆದುಕೊಂಡು ಲಕ್ಷ್ಮೇಶ್ವರದ ಸಂತೆಗೆ ಹೋದೆ. ಅವನು ಬೆನ್ನು ಹಿಸುಕಿ, ಹಲ್ಲು ನೋಡಿ ಒಂದು ಟಗರು ಆರಿಸಿದ. ಟೆಂಪೋ ಸಿಗಲಿಲ್ಲ. ಸರಿ, ಮುಂದೆ ನಾನು, ನಡುವೆ ಟಗರು, ಹಿಂದೆ ಅವನು. ಅದರ ಮುಂಗಾಲು ನನ್ನ ಸೊಂಟದ ಎರಡೂ ಬದಿಗೆ ಬರುವ ಹಾಗೆ ಕೂರಿಸಿಕೊಂಡೆವು. ಊರು ದಾಟುವ ತನಕ ನೋಡಿದವರೂ ನಕ್ಕರು, ನಾವೂ ನಕ್ಕೆವು.

ಸ್ವಲ್ಪ ದೂರ ಹೋದ ಮೇಲೆ ಅದು ಗದ್ದವನ್ನು ನನ್ನ ಹೆಗಲ ಮೇಲೆ ಇಟ್ಟಿತು. ಅದರ ಎದೆ ನನ್ನ ಬೆನ್ನಿಗೆ ಅಂಟಿಕೊಂಡಿತ್ತು. ಅಂಗಿಯ ಮೂಲಕ ಅದರ ಎದೆಬಡಿತ ನನಗೆ ಗೊತ್ತಾಗುತ್ತಿತ್ತು. ಮೊದಮೊದಲು ಬಹಳ ಜೋರಾಗಿತ್ತು, ಶಿರಹಟ್ಟಿ ದಾಟುವ ಹೊತ್ತಿಗೆ ಇಳಿಯಿತು. ಅದು ಭಾರವನ್ನೆಲ್ಲ ನನ್ನ ಮೇಲೆ ಬಿಟ್ಟು ಒರಗಿಕೊಂಡಿತು. ಗದಗ ಇನ್ನೂ ಸ್ವಲ್ಪ ದೂರ ಇರುವಾಗ ಹಿಂದಿನಿಂದ ಬಂದ ಲಾರಿಯೊಂದು ಕಿವಿ ಕಿತ್ತುಹೋಗುವ ಹಾಗೆ ಹಾರ್ನ್ ಹೊಡೆದು ಮೈಮೇಲೆಯೇ ಬಂದು ದಾಟಿ ಹೋಯಿತು. ನಾನು ಬೆಚ್ಚಿದೆ. ಅದೂ ಬೆಚ್ಚಿತು. ನನ್ನ ಎದೆಯೂ ಬೆನ್ನ ಹಿಂದಿನ ಎದೆಯೂ ಒಟ್ಟಿಗೇ ಹೊಡೆದುಕೊಳ್ಳತೊಡಗಿದವು. ಬಹಳ ಹೊತ್ತು ಅದರಲ್ಲಿ ನನ್ನದು ಯಾವುದು, ಅದರದು ಯಾವುದು ಎಂದು ನನಗೆ ತಿಳಿಯಲಿಲ್ಲ.

ನಡೆದದ್ದು ಇಷ್ಟೇ. ಜ್ಞಾನೋದಯ ಅಂತೇನೂ ಆಗಲಿಲ್ಲ. ಕುರಿಗೆ ಜೀವ ಇದೆ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದರ ಹೆದರಿಕೆಯೂ ನನ್ನ ಹೆದರಿಕೆಯೂ ಒಂದೇ ಎಂಬುದು ಅವತ್ತು ತಲೆಗಿಂತ ಮೊದಲು ಬೆನ್ನಿಗೆ ಗೊತ್ತಾಯಿತು. ಮರುದಿನ ಅದನ್ನು ಕೊಯ್ದರು. ಬೇಡ ಎನ್ನುವ ಧೈರ್ಯ ನನಗಿರಲಿಲ್ಲ. ಐವತ್ತು ಜನಕ್ಕೆ ಊಟ ಹೇಳಿಯಾಗಿತ್ತು. ನಾನೇ ನಿಂತು ಬಡಿಸಿದೆ. ನನ್ನ ತಾಟಿಗೆ ಬಂದಾಗ ಮಾತ್ರ ಕೈ ಅಡ್ಡ ಹಿಡಿದು, ಹೊಟ್ಟೆ ಸರಿಯಿಲ್ಲ ಎಂದೆ.

ಒಂದು ದಿನದ ಹೊಟ್ಟೆನೋವನ್ನು ಯಾರೂ ಕೇಳುವುದಿಲ್ಲ. ಎರಡು ತಿಂಗಳು ಮುಟ್ಟದಿದ್ದರೆ ಊರೇ ಕೇಳುತ್ತದೆ. ಒಬ್ಬ ಸಕ್ಕರೆ ಕಾಯಿಲೆ ಎಂದ, ಇನ್ನೊಬ್ಬ ಪಂಢರಪುರದ ಮಾಲೆ ಹಾಕಿಸಿಕೊಂಡಿದ್ದೀಯಾ ಎಂದು ನನ್ನ ಕೊರಳು ನೋಡಿದ. ನನ್ನ ಅಂಗಡಿ ಇರುವ ಕಟ್ಟಡದ ಮಾಲೀಕರು ಹುಟ್ಟಿನಿಂದ ತಿನ್ನದವರು. ಅವರು ಬಂದು ನನ್ನ ಬೆನ್ನು ತಟ್ಟಿ, “ಕಡೀಕೂ ನಮ್ಮ ದಾರಿಗೆ ಬಂದ್ರಿ ನೋಡ್ರಿ” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನೀವು ಆ ದಾರಿಯಲ್ಲಿ ಹುಟ್ಟಿದ್ದೀರಿ ಸ್ವಾಮಿ, ನಡೆದು ಬಂದವನು ನಾನು ಎನ್ನಬೇಕೆಂದುಕೊಂಡೆ. ಬಾಡಿಗೆ ಅಂಗಡಿ ನೆನಪಾಗಿ ಸುಮ್ಮನಾದೆ. ಖರೆ ಹೇಳಬೇಕೆಂದರೆ ಜಂಬಪಡುವುದಕ್ಕೂ ನನ್ನಲ್ಲಿ ಏನೂ ಇರಲಿಲ್ಲ. ಎಮ್ಮೆಯ ಹಾಲು ಕುಡಿಯುತ್ತೇನೆ, ಚರ್ಮದ ಚಪ್ಪಲಿ ಮೆಟ್ಟುತ್ತೇನೆ.

ನಿಜವಾದ ಕಾರಣ ಹೇಳಿದ್ದು ಬೈಕಿನ ಮೇಲೆ ಹಿಂದೆ ಕುಳಿತಿದ್ದ ಆ ಗೆಳೆಯನಿಗೆ ಮಾತ್ರ. ಅವನು ನಗಲಿಲ್ಲ. “ಇದನ್ನ ಮನ್ಯಾಗ ಹೇಳಿಬಿಡಲೇ ದೋಸ್ತ, ಮುಚ್ಚಿಟ್ರ ಬೆಳೀತೈತಿ” ಎಂದ. ಆ ವರ್ಷದ ಬಕ್ರೀದಿಗೆ ಅವನ ಮನೆಯಿಂದ ನನಗೆ ಮಾಂಸದ ಬದಲು ಒಂದು ಗೊನೆ ಬಾಳೆಹಣ್ಣು ಬಂತು.

ಮನೆಯಲ್ಲಿ ಹೇಳುವುದು ನನ್ನಿಂದಾಗಲಿಲ್ಲ. ನಲವತ್ತು ದಾಟಿದ ಗಂಡಸು ಕುರಿಯ ಎದೆಬಡಿತ ಕೇಳಿ ಮಾಂಸ ಬಿಟ್ಟ ಎಂದರೆ ಬಳಗದವರು ಸಾಯುವ ತನಕ ಆಡಿಕೊಳ್ಳುತ್ತಾರೆ ಎಂಬ ಭಯ. ಒಂದು ದಿನ ಅವ್ವನೇ ಕೇಳಿದಳು. ಅವಳ ಎರಡೂ ಕಣ್ಣಿಗೆ ಆಗ ಪೊರೆ ಬಂದಿತ್ತು. ಆಪರೇಷನ್ ಎಂದರೆ ಹೆದರಿ ಮುಂದೂಡುತ್ತಿದ್ದಳು. ರೊಟ್ಟಿಯನ್ನು ತಡವಿ ತಡವಿ ನನ್ನ ತಾಟಿಗೆ ಹಾಕುತ್ತ, “ನನ್ನ ಕಣ್ಣಿಗೇನರ ಹರಕಿ ಹೊತ್ತೀಯೇನೋ ಮಗನ?” ಎಂದಳು.

ನಾನು “ಹೂಂ” ಎಂದೆ.

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯುಷ್ಯ ಎಂದುಕೊಂಡೆ. ಅವ್ವನ ಮುಖ ಅರಳಿತು. ಯಾವ ದೇವರಿಗೆ ಎಂದಳು. ಹಿರೇವಡ್ಡಟ್ಟಿ ನಮ್ಮ ಮೂಲ ಊರು, ಅಲ್ಲಿಯ ದ್ಯಾಮವ್ವನಿಗೆ ಎಂದೆ. ನಿನ್ನ ಕಣ್ಣು ಬರುವ ತನಕ ಬಾಯಿ ಕಟ್ಟಿದ್ದೇನೆ ಎಂದೆ. ಒಂದು ಸುಳ್ಳಿಗೆ ಏಳು ಸುಳ್ಳು ಎನ್ನುತ್ತಾರೆ, ನನಗೆ ಮೂರರಲ್ಲೇ ಮುಗಿಯಿತು. ಅವತ್ತೇ ಅವಳು ಆಪರೇಷನ್‌ಗೆ ಒಪ್ಪಿಕೊಂಡಳು. ಕೇಳಿದವರಿಗೆಲ್ಲ ಹೆಂಡತಿಯೂ “ಅತ್ತಿಯವರ ಕಣ್ಣಿಗೆ ಹರಕಿ ಐತ್ರಿ” ಎಂದು ಹೇಳತೊಡಗಿದಳು. ಕೇಳುವವರ ಬಾಯಿ ಮುಚ್ಚಿತು. ಎಲ್ಲರೂ ನನ್ನನ್ನು ಗೌರವದಿಂದ ನೋಡತೊಡಗಿದರು. ಸುಳ್ಳು ಇಷ್ಟು ಸುಖವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

ತಿಂಗಳ ಮೇಲೆ ಅವ್ವ ಹಿರೇವಡ್ಡಟ್ಟಿಗೆ ಹೋದವಳು ಒಂದು ಟಗರಿನ ಮರಿಯನ್ನು ಎತ್ತಿಕೊಂಡು ಬಂದಳು. “ಇದ್ಯಾಕವ್ವಾ?” ಎಂದೆ.

“ಯಾಕಂದ್ರ? ದೇವಿಗೆ ಬಾಯಿ ಕಟ್ಟಿದಾಂವ ಹಂಗ ಬಾಯಿ ಬಿಚ್ಚತಾನೇನ? ಆಕಿಗೆ ಟಗರ ಕೊಟ್ಟು, ಅದರ ಪ್ರಸಾದ ತಿಂದು ಬಾಯಿ ಬಿಚ್ಚಬೇಕು. ಕೊಂಡ ತಂದದ್ದಕ್ಕಿಂತ ಮನ್ಯಾಗ ಸಾಕಿದ್ದು ಛಲೋ.”

ನಾನು ಕುಳಿತಲ್ಲೇ ಕುಳಿತೆ. ಕುರಿ ತಿನ್ನಬಾರದೆಂದು ಹೇಳಿದ ಸುಳ್ಳಿಗೆ ಒಂದು ಕುರಿ ಮನೆಗೆ ಬಂದು ನಿಂತಿತ್ತು.

ಆಗಲೇ ಹೇಳಿಬಿಡಬೇಕಿತ್ತು. ಆದರೆ ಆಪರೇಷನ್ ಇನ್ನೂ ಆಗಿರಲಿಲ್ಲ. ಹರಕೆ ಇಲ್ಲ ಎಂದು ಗೊತ್ತಾದರೆ ಅವಳು ಖಂಡಿತ ಆಸ್ಪತ್ರೆಯ ಹಾಸಿಗೆಯಿಂದ ಎದ್ದು ಮನೆಗೆ ಬರುತ್ತಿದ್ದಳು. ಒಂದು ಕಣ್ಣಾಯಿತು. ಇನ್ನೊಂದು ಕಣ್ಣು ಉಳಿದಿದೆಯಲ್ಲ ಎಂದು ಮತ್ತೆ ಸುಮ್ಮನಾದೆ. ಅಷ್ಟರಲ್ಲಿ ಮರಿ ಬೆಳೆಯಿತು. ಅವ್ವ ಅದಕ್ಕೆ ಶೇಂಗಾದ ಹೊಟ್ಟು, ಜೋಳದ ನುಚ್ಚು ತಿನ್ನಿಸುವಳು. ಬಳೆಯ ಸದ್ದಾದರೆ ಸಾಕು, ಅದು ಹಿತ್ತಲಲ್ಲಿ ಎದ್ದು ನಿಲ್ಲುತ್ತಿತ್ತು. ಎರಡನೆಯ ಕಣ್ಣಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ದಿನ ಅವ್ವ ನೇರ ಹಿತ್ತಲಿಗೆ ಹೋಗಿ ಅದರ ಮುಖ ಹಿಡಿದು ನೋಡಿದಳು. “ಇದರ ಕಣ್ಣಾಗ ಅಡ್ಡ ಗೀರು ಐತಲ್ಲೋ! ಇಷ್ಟು ದಿನ ಸಾಕೀನಿ, ನೋಡೇ ಇರಲಿಲ್ಲ” ಎಂದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅಂಗಡಿಗೆ ಹೊತ್ತಾಯಿತು ಎಂದು ಹೊರಟುಹೋದೆ.

ಕೊನೆಗೆ ಹೇಳಿದ್ದು ಹಿರೇವಡ್ಡಟ್ಟಿಗೆ ಹೊರಡುವ ಹಿಂದಿನ ದಿನ, ಸಂಜೆ ಅವಳು ಟಗರಿನ ಮೈ ತೊಳೆಯುತ್ತಿರುವಾಗ. ಹರಕೆ ಇರಲಿಲ್ಲ ಎಂದೆ. ಬೈಕಿನ ಕಥೆ ಹೇಳಿದೆ. ಇದನ್ನು ಬಿಟ್ಟುಬಿಡು ಎಂದೆ. ಅವ್ವ ಕೈಯೊಳಗಿನ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು.

“ನನ್ನ ಕಣ್ಣ ಮ್ಯಾಲ ಸುಳ್ಳ ಹೇಳಿದ್ಯಾ? ನೀ ಯಾರದರ ಮದವಿಗೆ ಹೋದಾಗೊಮ್ಮೆ, ಎಲ್ಲಿ ತಪ್ಪಿ ಬಾಯಿಗೆ ಹಾಕ್ಕೊಂತಾನೋ, ಎಲ್ಲಿ ನನ್ನ ಕಣ್ಣ ಹೋಗ್ತಾವೋ ಅಂತ ಜೀವ ಕೈಯಾಗ ಹಿಡ್ಕೊಂಡು ಕುಂತೀನಿ. ವರ್ಷಾತು. ಕುರಿ ಮನಸ್ಸು ತಿಳೀತು ನಿನಗ, ಹಡದಾಕೀದು ತಿಳೀಲಿಲ್ಲ?”

ಅವಳು ಹೇಳಿದ್ದು ಪೂರಾ ನಿಜವಾಗಿತ್ತು. ಒಂದು ಪ್ರಾಣಿಯ ಹೆದರಿಕೆ ಅರ್ಥವಾಯಿತು ಎಂದು ಒಳಗೊಳಗೇ ಬೀಗಿದ್ದವನು, ಅದೇ ಮನೆಯಲ್ಲಿ ನನ್ನಿಂದಲೇ ಹೆದರಿ ಕುಳಿತಿದ್ದ ಜೀವವನ್ನು ಕಂಡಿರಲಿಲ್ಲ. ಅವ್ವ ಕಣ್ಣೊರೆಸಿಕೊಂಡು, “ನಿನ್ನ ಸುಳ್ಳ ನಿಂದು. ನಾ ದ್ಯಾಮವ್ವನ ಮುಂದ ನಿಂತು ಮಾತ ಕೊಟ್ಟೀನಿ, ಅದು ಸುಳ್ಳಲ್ಲ” ಎಂದಳು. ಆಮೇಲೆ ತಾನೇ ಒಂದು ದಾರಿ ಹೇಳಿದಳು. “ನಾಳೆ ನೀರ ಹಾಕೂಣು. ಮೈ ಝಾಡಿಸಿದ್ರ ಆಕಿ ತಗೊಂತಾಳ. ಝಾಡಿಸ್ಲಿಲ್ಲಂದ್ರ ತಿರುಗಿ ಮನೀಗೆ ಕರಕೊಂಡು ಬರೂಣು. ಅದನ್ನ ಕೇಳೂಣು.”

ಇದು ನಮ್ಮಲ್ಲಿ ಹಿಂದಿನಿಂದ ಬಂದ ಪದ್ಧತಿ. ದೇವರಿಗೆ ಬಿಟ್ಟ ಟಗರಿನ ತಲೆ, ಬೆನ್ನಿನ ಮೇಲೆ ನೀರು ಹಾಕುತ್ತಾರೆ. ಅದು ಮೈ ಝಾಡಿಸಿದರೆ, ಅಂದರೆ ನೀರು ಕೊಡವಿದರೆ, ಒಪ್ಪಿಗೆ ಕೊಟ್ಟಿತು ಎಂದು ಲೆಕ್ಕ. ಝಾಡಿಸುವ ತನಕ ಯಾರೂ ಕತ್ತಿ ಎತ್ತುವ ಹಾಗಿಲ್ಲ. ಚಿಕ್ಕಂದಿನಿಂದ ನೋಡಿದ್ದೆ, ಯಾವತ್ತೂ ಯೋಚಿಸಿರಲಿಲ್ಲ. ಅವತ್ತು ನಿದ್ದೆ ಬಾರದೆ ಯೋಚಿಸಿದೆ. ಕೇಳದೆ ಅದರ ಜೀವ ತೆಗೆಯಬಾರದು ಎಂದು ನನಗಿಂತ ಎಷ್ಟೋ ಮೊದಲೇ ನಮ್ಮ ಹಿರಿಯರಿಗೆ ಅನ್ನಿಸಿತ್ತು. ಅವರ ಬೆನ್ನಿಗೂ ಯಾವುದೋ ಟಗರು ಒರಗಿರಬೇಕು. ಆದರೆ ಹಸಿವೆಯೂ ಇತ್ತು, ದೇವರ ಭಯವೂ ಇತ್ತು. ಹಾಗಾಗಿ ಅದು ಹೌದು ಎಂದೇ ಹೇಳುವ ಹಾಗೆ ಕೇಳುವುದನ್ನು ಕಲಿತರು. ನೀರು ಬಿದ್ದ ಯಾವ ಕುರಿ ಮೈ ಝಾಡಿಸದೆ ನಿಂತೀತು? ಇದೆಲ್ಲ ಗೊತ್ತಿದ್ದೂ ನಾನು ಆಸೆ ಇಟ್ಟುಕೊಂಡೆ.

ಗುಡಿಯ ಮುಂದೆ ಕೊಯ್ಯುವಂತಿಲ್ಲ ಎಂದು ಬೋರ್ಡು ಹಾಕಿದ್ದಾರೆ. ಅದಕ್ಕೆ ಗುಡಿಯಲ್ಲಿ ಕಾಯಿ ಒಡೆಸಿ ಅಪ್ಪನ ತಮ್ಮ, ನಮ್ಮ ಕಾಕಾನ ಹೊಲಕ್ಕೆ ಹೋದೆವು. ಬೇವಿನ ಮರದ ಕೆಳಗೆ ಹದಿನೈದು ಜನ ಬಂಧುಗಳು ಸೇರಿದ್ದರು. ಹರಕೆ ಹೊತ್ತವನೇ ನೀರು ಹಾಕಬೇಕು, ಹೀಗಾಗಿ ಕೊಡ ನನ್ನ ಕೈಗೆ ಬಂತು. ಬೇಕೆಂದೇ ಅದನ್ನು ಬಿಸಿಲಲ್ಲಿ ಇಟ್ಟು ತಡಮಾಡಿದೆ. ನೀರು ಉಗುರು ಬೆಚ್ಚಗಾದ ಮೇಲೆ ಬೆನ್ನಿನ ಮೇಲಷ್ಟೇ ಸಣ್ಣ ಧಾರೆ ಬಿಟ್ಟೆ. ಕಿವಿಗೆ ತಾಗದಂತೆ ಇನ್ನೊಂದು ಕೈ ಅಡ್ಡ ಹಿಡಿದೆ. ಟಗರು ಸುಮ್ಮನೆ ನಿಂತಿತ್ತು. ಅರ್ಧ ಕೊಡ ಮುಗಿಯಿತು. ಅದು ಅವ್ವನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು. ಅವ್ವನೂ ಅದನ್ನೇ ನೋಡುತ್ತಿದ್ದಳು. ಅದು ಝಾಡಿಸದಿರಲಿ ಎಂದು ನಾನು ದ್ಯಾಮವ್ವನಿಗೆ ಅವತ್ತು ಮೊದಲ ಬಾರಿ ಖರೇ ಹರಕೆ ಹೊತ್ತೆ.

“ಕೂಸಿಗೆ ಎರದಂಗ ಎರೀಯಾಕತ್ತೀಯಲ್ಲೋ!” ಎಂದು ಕಾಕಾ ನಕ್ಕ. ಎಲ್ಲರೂ ನಕ್ಕರು. ನನ್ನ ಕೈ ಸ್ವಲ್ಪ ಅಲುಗಿತು. ನೀರು ಕೋಡಿನ ಬುಡದಿಂದ ಇಳಿದು ಕಿವಿಯೊಳಗೆ ಹೋಯಿತು. ಟಗರು ತಲೆಯಿಂದ ಬಾಲದ ತನಕ ಮೈ ಝಾಡಿಸಿತು. ಹನಿಗಳು ನನ್ನ ಮುಖಕ್ಕೆ ಸಿಡಿದವು.

“ಆತು! ತಗೊಂಡ್ಳು!” ಎಂದು ಕಾಕಾ ಕೂಗಿದ. ನಾನು ಕೊಡ ಹಿಡಿದು ಬದುವಿನ ಆಚೆ ಹೋಗಿ ನಿಂತೆ. ನಿಜ ಹೇಳುತ್ತೇನೆ, ಅತ್ತುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ತಾಟಿಗೆ ಅವ್ವ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ಬೆಳಿಗ್ಗೆ ಬೆಟಗೇರಿಯಲ್ಲೇ ಮಾಡಿ, ಬುತ್ತಿ ಕಟ್ಟಿಕೊಂಡು ಬಂದಿದ್ದಳು, ನನಗೆ ಗೊತ್ತಿರಲಿಲ್ಲ. ಎದುರು ಕುಳಿತ ಕಾಕಾ ನೋಡಿದ. “ಇದೇನಲೇ, ಹರಕಿ ಮುಟ್ಟೇತಿ, ಇನ್ನೇನ ಅಡ್ಡಿ? ಬಾಯಿ ಬಿಚ್ಚು” ಎಂದ. ಪಂಕ್ತಿಯವರೆಲ್ಲ ತಿರುಗಿದರು. ಹೊಟ್ಟೆ ಸರಿಯಿಲ್ಲ ಎಂಬ ಮಾತು ಆಗಲೇ ನನ್ನ ನಾಲಿಗೆಯ ತುದಿಗೆ ಬಂದಿತ್ತು.

ಅವ್ವ ಸಾರಿನ ಪಾತ್ರೆ ಹಿಡಿದು ಬಡಿಸುತ್ತ ಬರುತ್ತಿದ್ದಳು. ನಿಲ್ಲಲಿಲ್ಲ, ತಲೆ ಎತ್ತಲೂ ಇಲ್ಲ. “ಹರಕಿ ಅಲ್ಲೋ ಮೈದುನ ಅದು. ಕುರಿ ಅಂಜೂದು ನೋಡಿ ಅವಗ ತಿನ್ನಾಕ ಮನಸ ಬರವಲ್ದು. ಬಿಟ್ಟಾನ. ಅಷ್ಟ” ಎಂದಳು.

ಕಾಕಾ ನನ್ನನ್ನು ಒಂದು ಗಳಿಗೆ ನೋಡಿದ. “ಹಂಗೇನ? ಹಂಗಿದ್ರ ಅವಗ ಇನ್ನೊಂದು ರೊಟ್ಟಿ ಹಾಕ ವೈನಿ” ಎಂದು ಹೇಳಿ ತನ್ನ ಊಟಕ್ಕೆ ತೊಡಗಿದ. ಯಾರೂ ನಗಲಿಲ್ಲ, ಯಾರೂ ಮತ್ತೆ ಕೇಳಲಿಲ್ಲ. ಅದನ್ನು ನಾನೇ ಮೊದಲ ದಿನ ಹೇಳಿದ್ದರೆ ಅವ್ವ ಆ ಮರಿಯನ್ನು ಮನೆಗೆ ತರುತ್ತಲೇ ಇರಲಿಲ್ಲ.