ಅಮ್ಮಿಯ ಬೆರಳು ಒಲ್ಲದ ಬಾಗಿಲು

ಮೂರು ವರ್ಷದ ಹಿಂದಿನ ಮಾತು. ಚಿಕ್ಕಬಳ್ಳಾಪುರದಲ್ಲಿ ಆಗಲೂ ಈಗಿನಂತೆ ನನ್ನ ಆರ್ಕಿಟೆಕ್ಟ್ ಆಫೀಸು. ಮನೆ ಕಟ್ಟಿಸುವವರ ಆಸೆಗೂ ಸೈಟಿನ ಅಳತೆಗೂ ಜಗಳ ಬಿಡಿಸುವುದೇ ನನ್ನ ಉದ್ಯೋಗ. ಆ ವರ್ಷ ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿ ನಾಸಿರ್ ನಂದಿ ರಸ್ತೆಯಲ್ಲಿ ದೊಡ್ಡ ಮನೆ ಕಟ್ಟಿಸಿದರು. ಬೆಟ್ಟದ ಕಡೆ ಇಡೀ ಗೋಡೆಯೇ ಗಾಜು. ಬಾಗಿಲ ಮೇಲೆ ಬೀಗ, ಚಿಲಕ ಯಾವುದೂ ಕಾಣಬಾರದು ಅನ್ನುವುದು ಅವರ ಹಟ.

ಹೀಗಾಗಿ ಬಯೋಮೆಟ್ರಿಕ್ ಲಾಕ್ ಬಂತು. ಬೆರಳಿಟ್ಟರೆ ಚರ್ಮದ ಗೆರೆಗಳನ್ನು ಓದಿ ತೆರೆದುಕೊಳ್ಳುವ ಬೀಗ ಅದು. ನುಗ್ಗಿದ ಕಳ್ಳ ತಪ್ಪಿಸಿಕೊಳ್ಳಬಾರದೆಂದು, ಒಳಗಿನಿಂದ ಹೊರಬರಲೂ ಬೆರಳು ಬೇಕಾಗುವಂತೆ ಮಾಡಿಸಿಕೊಂಡರು. ಒಳಗಡೆ ಒಂದು ಸಾದಾ ಚಿಲಕವಾದರೂ ಇರಲಿ ಎಂದು ನಾನು ಬಡಕೊಂಡೆ. "ಲುಕ್ ಹಾಳಾಗತ್ತೆ ಮೇಡಂ" ಅಂದುಬಿಟ್ಟರು.

ಮನೆ ಒಪ್ಪಿಸಿದ್ದು ಒಂದು ಶುಕ್ರವಾರ. ಬೆಳಿಗ್ಗೆ ಟೆಕ್ನಿಷಿಯನ್ ಬಂದು ಮನೆಯವರ ಬೆರಳುಗಳನ್ನು ಬೀಗಕ್ಕೆ ಪರಿಚಯಿಸಿದ. ನಾಸಿರ್ ಅವರದು, ಹೆಂಡತಿಯದು, ಮಕ್ಕಳದು ತಕ್ಷಣ ಹಿಡಿಯಿತು. ತಾಯಿ ಜುಬೇದಾ ಬೀ ಅವರದು ಹಿಡಿಯಲೇ ಇಲ್ಲ. ಒಂದೊಂದು ಬೆರಳನ್ನೂ ಒರೆಸಿ ಒರೆಸಿ ಇಟ್ಟರು, ಊಹೂಂ. ನಾಸಿರ್ ನಕ್ಕರು.

"ಬಿಡಿ ಮೇಡಂ, ಅಮ್ಮಿ ಒಬ್ರೇ ಎಲ್ಲಿಗೆ ಹೋಗ್ತಾರೆ? ಮನೇಲಿ ಯಾರಾದ್ರೂ ಇದ್ದೇ ಇರ್ತಾರೆ."

ಪಕ್ಕದಲ್ಲೇ ಇದ್ದ ಅಮ್ಮಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ನನಗೆ ಕಸಿವಿಸಿಯಾಯಿತು.

ಕೆಲಸ ನಡೆಯುವಾಗ ಬೀಗಕ್ಕೆ ಸೇರಿಸಿದ್ದ ನಮ್ಮ ಬೆರಳುಗಳನ್ನು ಮನೆ ಒಪ್ಪಿಸಿದ ಕೂಡಲೇ ಅಳಿಸುವುದು ನಮ್ಮ ಆಫೀಸಿನ ಕಟ್ಟುನಿಟ್ಟಿನ ನಿಯಮ. ನನ್ನದನ್ನೂ ಅಳಿಸಿಯಾಗಿತ್ತು. ಮಧ್ಯಾಹ್ನ ನಾಸಿರ್ ನಮಾಜಿಗೆ ಹೋದರು, ಉಳಿದವರು ಸಾಮಾನು ತರಲು ಶಿಡ್ಲಘಟ್ಟಕ್ಕೆ ಹೊರಟರು. ಅಮ್ಮಿಗೆ ಅಡುಗೆಮನೆ ತೋರಿಸಲು ನಾನು ಒಳಗೆ ಉಳಿದೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು.

ಹೊರಡೋಣ ಅಂತ ಬಂದು, ಅಳಿಸಿದ್ದು ಮರೆತು ಬೆರಳಿಟ್ಟರೆ ಕೆಂಪು ದೀಪ. ಹಿಂಬಾಗಿಲಲ್ಲೂ ಅದೇ ಕತೆ. ನನ್ನ ಫೋನು ಕಾರಿನಲ್ಲಿ, ಅಮ್ಮಿಯದು ಸೊಸೆಯ ಬ್ಯಾಗಿನಲ್ಲಿ, ತುರ್ತಿಗೆಂದು ಕೊಟ್ಟಿದ್ದ ಕೀಲಿ ನಾಸಿರ್ ಜೇಬಿನಲ್ಲಿ. ಎಸಿಗೆ ಇನ್ನೂ ಕರೆಂಟಿನ ಸಂಪರ್ಕ ಸಿಕ್ಕಿರಲಿಲ್ಲ, ಗಾಜುಗಳು ತೆರೆಯುವಂಥವಲ್ಲ. ಬಿಸಿಲಿಗೆ ಮನೆ ಒಲೆಯಂತೆ ಕಾದಿತ್ತು. ಗಾಜು ಬಡಿದು ಕೈ ಬೀಸಿದೆ. ಎದುರಿನ ದ್ರಾಕ್ಷಿ ತೋಟದಲ್ಲಿದ್ದಾತ ನಗುನಗುತ್ತಾ ತಾನೂ ಕೈ ಬೀಸಿ ಕೆಲಸಕ್ಕೆ ಬಗ್ಗಿದ. ಅವನನ್ನು ಬಾಯಿಗೆ ಬಂದಂತೆ ಬೈದೆ, ಪಾಪ, ಅವನಿಗೇನು ಗೊತ್ತು.

ಅಮ್ಮಿ ಬೆವರುತ್ತಾ ಮಾರ್ಬಲ್ ಮೇಲೆ ಕೂತುಬಿಟ್ಟರು. ನಲ್ಲಿಯ ನೀರು ಹಿಡಿದು ಕೊಟ್ಟೆ. ಕುಡಿದು, ಬೆರಳುಗಳನ್ನು ನನ್ನ ಮುಂದೆ ಚಾಚಿದರು. ತುದಿಗಳಲ್ಲಿ ಒಂದು ಗೆರೆಯೂ ಇರಲಿಲ್ಲ.

"ಮದುವೆಯಾಗಿ ಬಂದಾಗಿಂದ ಕುದಿಯೋ ನೀರಲ್ಲಿ ರೇಷ್ಮೆ ಗೂಡು ಹಾಕಿ ನೂಲು ಬಿಚ್ಚಿದೀನಿ ಬೇಟಿ. ಗೆರೆ ಎಲ್ಲಿ ಉಳೀತದೆ? ಈ ಮನೆ ಬಂದಿದ್ದೇ ಈ ಕೈಯಿಂದ. ಅಲ್ಲಿ ನಮ್ಮ ಮನೇಲಿ ಬೇಕಂದಾಗ ಬಾಗಿಲು ತೆಗೆದು ಹೋಗ್ತೀನಿ. ಇಲ್ಲಿ ಅಂಗಳಕ್ಕೆ ಇಳಿಯೋಕೂ ಮೊಮ್ಮಕ್ಕಳ ಬೆರಳು ಕೇಳ್ಬೇಕಾ?"

ನಾನು ಹೇಗೂ ಇನ್ನೊಂದು ಗಳಿಗೆಗೆ ಹೊರಗೆ ಹೋಗುವವಳು. ಆಕೆ ಮುಂದಿನ ವಾರದಿಂದ ಇಲ್ಲೇ ಇರಬೇಕಾದವರು.

ಕೊನೆಗೆ ನಾಸಿರ್ ಬಂದು ಬೆರಳಿಟ್ಟರು, ಬಾಗಿಲು ತೆರೆಯಿತು. "ಅಮ್ಮಿಗೆ ಮನೆ ಇಷ್ಟ ಆಯ್ತಾ ಮೇಡಂ?" ಅಂದರು. ಅಮ್ಮಿ ಅವರನ್ನು ದಾಟಿಕೊಂಡು ಹೋಗಿ ಬಿಸಿಲಲ್ಲೇ ನಿಂತರು.

"ಈ ಬಾಗಿಲು ನಾನೇ ತೆಗಿಯೋ ಹಂಗಿದ್ರೆ ಬರ್ತೀನಿ ಬೇಟಾ. ಇಲ್ಲಾಂದ್ರೆ ನೀವೇ ಇರಿ."

"ಚಿಲಕ ಹಾಕಿದ್ರೆ ಲುಕ್ಕು..." ಎಂದು ನಾಸಿರ್ ರಾಗ ಎಳೆದರು. ನನ್ನ ಸಿಟ್ಟು ನೆತ್ತಿಗೇರಿತ್ತು. "ಒಳಗೆ ಹೋಗಿ ನಿಂತ್ಕೊಳ್ಳಿ. ಬೆರಳು ಮಾತ್ರ ಇಡಬೇಡಿ" ಎಂದು ಬಾಗಿಲು ಎಳೆದೆ. ಬಾಗಿಲ ಪಕ್ಕದ ಗಾಜಿನ ಆಚೆ ಅವರು ಮೊದಲು ನಕ್ಕರು. ಆಮೇಲೆ ಹಿಡಿಯಿಲ್ಲದ ಆ ನುಣ್ಣನೆ ಬಾಗಿಲ ಮೇಲೆ ಕೈಯಾಡಿಸಿದರು. ಹೊರಗೆ ನಿಂತ ತಾಯಿಯನ್ನು ನೋಡುತ್ತಾ ನೋಡುತ್ತಾ ಅವರ ಮುಖ ಇಳಿಯಿತು.

ಮಾರನೆಯ ದಿನವೇ ಬಡಗಿ ಹೋಗಿ ಬಾಗಿಲಿಗೆ ಹಿತ್ತಾಳೆ ಚಿಲಕ ಹಾಕಿ, ಮಾಮೂಲಿ ಬೀಗ ಕೂರಿಸಿದ. ಅದರ ಕೀಲಿ ಅಮ್ಮಿಯ ಸೆರಗಿನ ತುದಿಯಲ್ಲಿದೆ.

ಅಂದಿನಿಂದ ನಮ್ಮ ಆಫೀಸಿಗೆ ಇನ್ನೊಂದು ಕಟ್ಟುನಿಟ್ಟಿನ ನಿಯಮ ಸೇರಿದೆ. ಮನೆ ಒಪ್ಪಿಸುವ ದಿನ ಆ ಮನೆಯ ಹಿರಿಯರೊಬ್ಬರನ್ನೇ ಒಳಗೆ ಬಿಟ್ಟು ಬಾಗಿಲು ಹಾಕಿ, ನಾವೆಲ್ಲ ಹೊರಗೆ ಕಾಯುತ್ತೇವೆ. ಅವರು ಯಾರನ್ನೂ ಕೂಗದೆ ಹೊರಗೆ ಬಂದರೆ ಮಾತ್ರ ಆ ಮನೆ ಮುಗಿದ ಲೆಕ್ಕ.